ಗಂಗಕ್ಕನ ಕಾಯಿ, ಮೈನಾಬಾಯಿಯ ಉಡಿ

ಟೀವಿಯಲ್ಲಿ ಬರುವ ಹೆಂಗಸು ಚುನಾವಣೆಗೆ ನಿಂತರೆ ಜನ ಓಟು ಹಾಕುತ್ತಾರೆಯೇ ಎಂದು ಗಂಗಕ್ಕ ಕೇಳಿದಾಗ ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುವುದನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟೆ.

“ಯಾರೂ ಹಾಕಂಗಿಲ್ಲ ಬಿಡ ಗಂಗಕ್ಕಾ. ಬರ್ತಾರ, ನೋಡ್ತಾರ, ಮನೀಗೆ ಹೋಗ್ತಾರ. ಓಟು ನಿನಗ ಹಾಕ್ತಾರ.”

“ಖರೇ ಅಂತೀಯೇನ ಶಾಂತಾ?”

“ನಾ ಯಾವಾಗರ ಸುಳ್ಳ ಹೇಳೇನೇನ?”

ಸುಳ್ಳು ಹೇಳಿರಲಿಲ್ಲ. ತಪ್ಪು ಹೇಳಿದ್ದೆ. ಎರಡಕ್ಕೂ ಇರುವ ವ್ಯತ್ಯಾಸ ಆಮೇಲೆ ನನಗೆ ತಿಳಿಯಿತು; ಅದರಿಂದ ಗಂಗಕ್ಕನಿಗೇನೂ ಉಪಯೋಗವಾಗಲಿಲ್ಲ.

ನಮ್ಮ ಊರು ಮಹಾರಾಷ್ಟ್ರದ ಗಡಹಿಂಗ್ಲಜ್‌ಗೂ ಕರ್ನಾಟಕದ ಗಡಿಗೂ ನಡುವೆ ಇದೆ. ಹೆಸರು ಬೇಡ, ಊರಿನವರು ಓದುತ್ತಾರೆ. ಗಂಗಕ್ಕನ ಮನೆ ಸಂತೆ ಬಯಲಿನ ಹಿಂದೆಯೇ. ಗಂಡ ತೀರಿ ಹನ್ನೆರಡು ವರ್ಷವಾಯಿತು. ಹೊಲಿಗೆ ಮಷೀನು ತುಳಿದು ಸಂಸಾರ ನಡೆಸಿದ್ದಾಳೆ. ವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಮೆಣಸಿನಕಾಯಿ, ಸೊಪ್ಪು, ಬೆಲ್ಲ ತಂದು ಕೂಡುತ್ತಾರೆ. ಬೆಳಕು ಹರಿಯುವ ಮೊದಲು ಬಂದವರು ದೀಪ ಹಚ್ಚುವ ಹೊತ್ತಿಗೆ ಏಳುತ್ತಾರೆ. ಅಲ್ಲಿಯವರೆಗೆ ಹೋಗಲು ಒಂದು ಸಂಡಾಸ ಇಲ್ಲ. ಗಂಡಸರಿಗೆ ಊರ ತುಂಬ ಗೋಡೆಗಳಿವೆ. ಹೆಂಗಸರು ಏನು ಮಾಡುತ್ತಾರೆಂದರೆ, ಸಂತೆಯ ದಿನ ಮುಂಜಾನೆಯಿಂದ ನೀರು ಕುಡಿಯುವುದಿಲ್ಲ.

ಒಮ್ಮೆ ಒಬ್ಬ ಮುದುಕಿ ಬಿಸಿಲಿಗೆ ತಲೆ ತಿರುಗಿ ಮೆಣಸಿನಕಾಯಿಯ ರಾಶಿಯ ಮೇಲೆಯೇ ಬಿದ್ದಳು. ಗಂಗಕ್ಕ ಓಡಿಬಂದು ನೀರು ಹಿಡಿದರೆ ಬೇಡವೆಂದು ಬಾಯಿ ಮುಚ್ಚಿಕೊಂಡಳು. ಯಾಕೆಂದು ತಿಳಿದ ದಿನದಿಂದ ಗಂಗಕ್ಕ ತನ್ನ ಹಿತ್ತಿಲ ಬಾಗಿಲು ತೆರೆದಿಟ್ಟಳು. ಸಂತೆಯ ದಿನ ಅವಳ ಸಂಡಾಸದ ಮುಂದೆ ಸಾಲು. ಬಾವಿಯಿಂದ ನೀರು ಸೇದುವವಳೂ ಅವಳೇ. ನಗರಪಂಚಾಯತಿಗೆ ಅರ್ಜಿ ಕೊಟ್ಟು ಕೊಟ್ಟು, ಅಲ್ಲಿಯ ಸಿಪಾಯಿ ಅವಳನ್ನು ಕಂಡರೆ ಕುರ್ಚಿ ಹಾಕುವಷ್ಟು ಸಲಿಗೆಯಾಗಿತ್ತು. ಸಂಡಾಸ ಮಾತ್ರ ಆಗಿರಲಿಲ್ಲ.

ಆ ಸಲ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಎಲ್ಲರೂ ಕೂಡಿ ಗಂಗಕ್ಕನನ್ನು ಪಕ್ಷೇತರಳಾಗಿ ನಿಲ್ಲಿಸಿದೆವು. ಅವಳಿಗೆ ಸಿಕ್ಕ ಚಿಹ್ನೆ ಬಕೀಟು.

“ಇದಕ್ಕಿಂತ ಬರೋಬರ ಚಿಹ್ನೆ ಇರಾಕ ಸಾಧ್ಯ ಇಲ್ಲ,” ಎಂದಳು ಗಂಗಕ್ಕ. “ಸಂಡಾಸ ಇಲ್ಲಾಂದ್ರೂ ಬಕೀಟರ ಮೊದಲ ಬಂತು.”

ಎದುರಾಳಿ ಮೈನಾಬಾಯಿ. ಅದು ಅವಳ ನಿಜವಾದ ಹೆಸರಲ್ಲ. ಸಂಜೆ ಏಳು ಗಂಟೆಗೆ ಬರುವ ಒಂದು ಮರಾಠಿ ಧಾರಾವಾಹಿಯಲ್ಲಿ ಅವಳ ಪಾತ್ರದ ಹೆಸರು. ನಿಜವಾದ ಹೆಸರು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶೂಟಿಂಗಿಗೆಂದು ಕೊಲ್ಲಾಪುರದಲ್ಲಿ ಇರುತ್ತಾಳೆ. ಗಂಡನ ಮನೆತನ ನಮ್ಮ ಊರಿನದು, ಹಾಗಾಗಿ ಮತದಾರರ ಪಟ್ಟಿಯಲ್ಲಿ ಹೆಸರಿದೆ. ಊರಿನಲ್ಲಿ ಕಣ್ಣಾರೆ ಕಂಡವರಿಲ್ಲ. ನಾಲ್ಕು ದೊಡ್ಡ ಗಂಡಸರು ಆಘಾಡಿ ಎಂದು ತಮ್ಮದೇ ಒಂದು ಕೂಟ ಕಟ್ಟಿಕೊಂಡು ಅವಳನ್ನು ನಿಲ್ಲಿಸಿದ್ದರು. ಚಿಹ್ನೆ ಟೀವಿ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಮೈನಾಬಾಯಿ ನಮ್ಮ ಇಡೀ ಓಣಿ ದ್ವೇಷಿಸುವ ಹೆಂಗಸು. ಮೂರು ವರ್ಷದಿಂದ ಸೊಸೆಗೆ ಕೊಡಬಾರದ ಕಾಟ ಕೊಟ್ಟಿದ್ದಳು. ಇತ್ತೀಚೆಗೆ ಆ ಹುಡುಗಿಯನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಎಂಬತ್ತು ದಾಟಿದ ನಮ್ಮ ಅತ್ತೆ ದಿನಾ ಏಳು ಗಂಟೆಗೆ ಟೀವಿಯ ಮುಂದೆ ಕುಳಿತು ನೆಟಿಕೆ ಮುರಿದು ಅವಳಿಗೆ ಶಾಪ ಹಾಕುತ್ತಿದ್ದರು. ಇಂಥವಳಿಗೆ ಯಾರು ಓಟು ಹಾಕುತ್ತಾರೆ?

“ಬೈಯಾಕ ಆದ್ರೂ ದಿನಾ ನೋಡ್ತೀರಲಾ,” ಎಂದರು ನಮ್ಮ ಮನೆಯವರು. ಅವರದು ಬಟ್ಟೆ ಅಂಗಡಿ. ಇಚಲಕರಂಜಿಯಿಂದ ಮಾಲು ತರುತ್ತಾರೆ. ಗಿರಾಕಿಗಳ ಮುಖ ನೋಡಿ ನೋಡಿ ಅವರಿಗೆ ಒಂದು ಬಗೆಯ ಜ್ಞಾನ ಬಂದಿದೆ. “ಗಂಗಕ್ಕನ್ನ ವಾರಕ್ಕೊಮ್ಮೆ ನೋಡ್ತೀರಿ. ಮೈನಾಬಾಯಿನ್ನ ದಿನಾ ನೋಡ್ತೀರಿ.”

ಅವರ ಮಾತನ್ನು ನಾನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿಲ್ಲ.

ಕ್ಯಾಲೆಂಡರ್ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ನಾನು ಎಲ್ಲವನ್ನೂ ಬರೆದಿಡುತ್ತೇನೆ. ಗ್ಯಾಸ್ ಯಾವತ್ತು ಹಚ್ಚಿದೆವು, ನಳ ಎಷ್ಟು ಹೊತ್ತಿಗೆ ಬಂತು, ಯಾರ ಮಗಳು ಬಾಣಂತನಕ್ಕೆ ಬಂದಳು, ಉಪ್ಪಿನಕಾಯಿಯ ಭರಣಿಯ ಬಾಯಿ ಯಾವತ್ತು ಬಿಚ್ಚಿದೆ. ಓಣಿಯವರು ಏನು ಮರೆತರೂ ನನ್ನ ಹತ್ತಿರ ಬರುತ್ತಾರೆ. ಇಪ್ಪತ್ತು ವರ್ಷ ಹೀಗೆ ಬರೆದವಳಿಗೆ ಓಣಿಯ ಮನಸ್ಸು ತಿಳಿಯದೇ? ಇಪ್ಪತ್ತೆಂಟು ಮನೆಗಳ ಹೆಸರನ್ನು ತಿಂಗಳ ಹಾಳೆಯ ಹಿಂಬದಿಗೆ ಬರೆದುಕೊಂಡೆ. ಮನೆಮನೆಗೆ ಹೋಗಿ ಕೇಳಿದೆ. “ನಮ್ಮ ಓಟು ಗಂಗಕ್ಕಗರೀ,” ಎಂದರು ಎಲ್ಲರೂ. ಎಲ್ಲರ ಮುಂದೆಯೂ ಸರಿ ಗುರುತು ಹಾಕಿದೆ. ಗಂಗಕ್ಕನಿಗೆ ಹೇಳಿಬಿಟ್ಟೆ: “ನಮ್ಮ ಓಣಿ ನನಗ ಬಿಡು. ನೀ ಬ್ಯಾರೆ ಕಡೆ ಅಡ್ಡಾಡು.” ಆದರೂ ಅವಳು ಮೂರು ಸಲ ಬಂದಳು. ಎಲ್ಲರೂ ಚಹಾ ಕೊಟ್ಟರು.

ಉಮೇದುವಾರಿಕೆ ಸಲ್ಲಿಸುವ ಮುಂಜಾನೆ ಗಂಗಕ್ಕ ಬಸವಣ್ಣನ ಗುಡಿಗೆ ಹೋಗಿ ಒಂದು ತೆಂಗಿನಕಾಯಿ ಮುಟ್ಟಿಸಿಕೊಂಡು ಬಂದು, ಅದಕ್ಕೆ ಕೆಂಪು ದಾರ ಸುತ್ತಿ ನನ್ನ ಕೈಗೆ ಕೊಟ್ಟಿದ್ದಳು.

“ನಿಮ್ಮ ದೇವರ ಜಗಲಿ ಮ್ಯಾಲ ಇರ್ಲಿ. ನಮ್ಮನ್ಯಾಗ ಮಂದಿ ಜಾಸ್ತಿ, ಯಾರರ ಒಡದ ತಿಂತಾರ. ಆರಿಸಿ ಬಂದ್ರೂ ಒಡಿಯೂಣು, ಬಿದ್ರೂ ಒಡಿಯೂಣು.”

“ಬೀಳೂ ಮಾತ ಯಾಕ ಆಡ್ತಿ?” ಎಂದು ಗದರಿ, ಜಗಲಿಯ ಮೇಲೆ ಇಟ್ಟು, ಆ ದಿನದ ಚೌಕದಲ್ಲಿ ಬರೆದೆ: ‘ಗಂಗಕ್ಕನ ಕಾಯಿ.’

ಓಟಿಗೆ ಎಂಟು ದಿನ ಉಳಿದಾಗ ಮೈನಾಬಾಯಿ ನಮ್ಮ ಓಣಿಗೆ ಬಂದಳು. ದೀಪ ಹಚ್ಚುವ ಹೊತ್ತು. ಓಣಿಯ ಬಾಯಲ್ಲಿ ಕಾರು ಹಿಡಿಸದೆ ನಡೆದುಕೊಂಡೇ ಬಂದಳು. ಮೊದಲ ಮನೆ ನಮ್ಮದು.

ನಾನು ಹೊಸ್ತಿಲಲ್ಲಿ ನಿಂತು ‘ನಮ್ಮ ಓಟು ಗೊತ್ತಾಗಿದೆ, ತಾವು ಮುಂದೆ ಹೋಗಬಹುದು’ ಎಂಬರ್ಥದ ಒಂದು ಮುಖ ಸಿದ್ಧಮಾಡಿಕೊಂಡಿದ್ದೆ. ಆದರೆ ಹತ್ತಿರ ಬಂದವಳು ಟೀವಿಯವಳ ಹಾಗೆ ಇರಲಿಲ್ಲ. ಗಿಡ್ಡಗಿದ್ದಳು. ಕಾಲು ಬಾತಿದ್ದವು. ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು.

“ಮಾವಶೀ, ಒಂಚೂರ ನೀರ ಕೊಡ್ತೀರೇನ್ರಿ?” ಎಂದಳು. ಕನ್ನಡದಲ್ಲಿ.

ನನ್ನ ಮುಖ ಅಲ್ಲಿಯೇ ಬಿದ್ದುಹೋಯಿತು. “ನಿಮಗ ಕನ್ನಡಾ ಬರತೈತಿ?”

“ನಮ್ಮ ಅವ್ವನ ತವರಮನಿ ಹಲಕರ್ಣಿ. ಸಣ್ಣಾಕಿದ್ದಾಗ ಅಲ್ಲೇ ಇರ್ತಿದ್ದೆ.”

ಒಳಗೆ ಕರೆದೆ. ನೀರು ಕೇಳಿದವರನ್ನು ಹೊರಗೆ ನಿಲ್ಲಿಸಲು ಬರುತ್ತದೆಯೇ? ಚಾಪೆಯ ಮೇಲೆ ಕುಳಿತು, ಚುರಮುರಿ ತಿಂದು, ಎರಡು ಕಪ್ ಚಹಾ ಕುಡಿದಳು. ಅಷ್ಟರಲ್ಲಿ ನಮ್ಮ ಅತ್ತೆ ಕೋಲೂರಿಕೊಂಡು ಪಡಸಾಲೆಗೆ ಬಂದರು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಆದರೂ ಧ್ವನಿಯಿಂದಲೇ ಗುರುತು ಹಿಡಿದರು.

“ಮೈನಾಬಾಯಿ ಏನ ನೀ?”

“ಹೌದ್ರಿ ಆಜಿ.”

“ಮೊದಲ ಆ ಹುಡಿಗಿನ್ನ ಕ್ವಾಣಿಯೊಳಗಿಂದ ಹೊರಗ ಬಿಡು. ಆಮ್ಯಾಲ ಓಟು ಕೇಳು.”

ಮೈನಾಬಾಯಿ ನಗಲಿಲ್ಲ. ಎದ್ದು ಬಂದು ಅತ್ತೆಯ ಕಾಲು ಮುಟ್ಟಿ, “ಬಿಡ್ತೇನ್ರಿ ಆಜಿ. ಈ ವಾರದಾಗ ಬಿಡ್ತೇನಿ,” ಎಂದಳು.

ಅತ್ತೆ ತಡವಿ ಅವಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಏನ ಹಂಗ ನಿಂತಿ? ದೀಪಾ ಹಚ್ಚೂ ಹೊತ್ತಿನಾಗ ಮುತ್ತೈದಿ ಮನೀಗೆ ಬಂದಾಳ. ಬರೀ ಉಡೀಲೆ ಕಳಸ್ತಿಯೇನ?”

ನಮ್ಮ ಕಡೆ ಮುತ್ತೈದೆ ಮೊದಲ ಸಲ ಮನೆಗೆ ಬಂದರೆ ಉಡಿ ತುಂಬಿ ಕಳಿಸುತ್ತೇವೆ. ಸೆರಗಿನಲ್ಲಿ ಅಕ್ಕಿ, ಕುಪ್ಪಸದ ಖಣ, ಒಂದು ತೆಂಗಿನಕಾಯಿ. ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳಿದ್ದ ಹಾಗೆ. ನಾನು ಒಳಗೆ ಹೋದೆ. ಅಕ್ಕಿ ಇತ್ತು. ಖಣವೂ ಇತ್ತು, ಅದು ಎದುರು ಮನೆಯ ಸುನಂದಕ್ಕ ನನಗೆ ಕೊಟ್ಟದ್ದು, ಅದರ ಹಿಂದಿನ ವರ್ಷ ನಾನೇ ಅವಳಿಗೆ ಕೊಟ್ಟದ್ದು, ಈ ಓಣಿಯಲ್ಲಿ ಆರು ವರ್ಷದಿಂದ ಹೊಲಿಸಿಕೊಳ್ಳದೆ ತಿರುಗುತ್ತಿರುವ ಹಿರಿಯ ಖಣ. ತೆಂಗಿನಕಾಯಿ ಮಾತ್ರ ಮುಂಜಾನೆಯ ಚಟ್ನಿಗೆ ಅರ್ಧ ಹೋಗಿತ್ತು. ಒಡೆದ ಕಾಯಿಯಿಂದ ಉಡಿ ತುಂಬುವ ಹಾಗಿಲ್ಲ.

“ಎಷ್ಟ ಹೊತ್ತ?” ಎಂದು ಅತ್ತೆ ಹೊರಗಿನಿಂದ ಕೂಗಿದರು.

ನನ್ನ ಕೈ ದೇವರ ಜಗಲಿಗೆ ಹೋಯಿತು. ಕೈಗೆ ಬುದ್ಧಿ ಇರುವುದಿಲ್ಲ. ಮೂವತ್ತು ವರ್ಷದ ರೂಢಿ ಇರುತ್ತದೆ.

ಮೈನಾಬಾಯಿ ಸೆರಗೊಡ್ಡಿ ನಿಂತಳು. ಕುಂಕುಮ ಹಚ್ಚಿದೆ. ಅಕ್ಕಿ ಹಾಕಿದೆ. ಖಣ ಹಾಕಿದೆ. ಕಾಯಿ ಹಾಕಿದೆ. ಕಾಯಿ ಅವಳ ಉಡಿಗೆ ಬಿದ್ದ ಮೇಲೆ ಕೆಂಪು ದಾರ ಕಂಡಿತು. ಹಿಂದಕ್ಕೆ ತೆಗೆಯಲು ಕೈ ಚಾಚಿದೆ ಕೂಡ. ಅದೇ ಕ್ಷಣಕ್ಕೆ ಅವಳ ಜೊತೆ ಬಂದಿದ್ದ ಕನ್ನಡಕದ ಕಾರ್ಯಕರ್ತರೊಬ್ಬರು ಫೋಟೋ ಹೊಡೆದರು. ನಾನು ಕಾಯಿಯನ್ನು ಕಸಿದುಕೊಳ್ಳುತ್ತಿದ್ದದ್ದು ಫೋಟೋದಲ್ಲಿ ಭಾಳ ಅಕ್ಕರೆಯಿಂದ ಕೊಡುತ್ತಿದ್ದ ಹಾಗೆ ಬಂದಿದೆ.

ಅರ್ಧ ತಾಸಿನಲ್ಲಿ ಅದು ಎಲ್ಲರ ಫೋನಿಗೆ ಹೋಯಿತು. ಕೆಳಗೆ ಮರಾಠಿಯಲ್ಲಿ ‘ಆಪಲೀ ಲೇಕ’ ಎಂದು ಬರೆದಿದ್ದರು. ನಮ್ಮ ಮಗಳು. ಅಲ್ಲಿಯವರೆಗೆ ಅವಳು ಊರಿಗೆ ಕಾಗದದ ಮೇಲಿನ ಸೊಸೆಯಾಗಿದ್ದಳು. ಸೊಸೆಯನ್ನು ಬೈಯಬಹುದು, ಕೊರತೆ ಹೇಳಬಹುದು. ಮಗಳಿಗೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಮೊದಲ ಫೋನು ಕೊರೋಚಿಯ ನನ್ನ ತವರಿನಿಂದ. ಮಗ್ಗಗಳ ಸದ್ದಿನ ನಡುವೆ ಅಣ್ಣನ ಹೆಂಡತಿ, ನಮ್ಮ ವೈನಿ, ಕೂಗಿದಳು: “ಮೈನಾಬಾಯಿ ಸಂಗಾಟ ನಿನ್ನ ನೋಡಿದ್ವಿ. ಚಲೋ ಆತು ತಗೋ, ದೊಡ್ಡವರ ಕಡೆ ಹ್ವಾದಿ.” ಎರಡನೆಯದು ಇಚಲಕರಂಜಿಯ ಬಟ್ಟೆಯ ದಲಾಲರದು. ಆಮೇಲೆ ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದು, ಚಪ್ಪಲಿ ಬಿಡುತ್ತಾ, ಎಂದೂ ಇಲ್ಲದ ಬಹುವಚನದಲ್ಲಿ ಕೇಳಿದರು.

“ಏನ್ರಿ, ಗಂಗಕ್ಕನ ಪ್ರಚಾರ ಪ್ರಮುಖರು ಆಘಾಡಿ ಸೇರ್ಯಾರಂತ?”

ಅವರಿಗೆ ಅವತ್ತು ಊಟಕ್ಕೆ ಅವರೆಕಾಳಿನ ಪಲ್ಯ ಸಿಗಲಿಲ್ಲ.

ಮರುದಿನ ನಾನು ಇನ್ನೊಂದು ಅಪರಾಧ ಮಾಡಿದೆ. ಗಂಗಕ್ಕ ಬರುವ ಮೊದಲೇ ಓಡಿಹೋಗಿ ಒಂದು ಕಾಯಿ ತಂದು, ಗುಡಿಯಲ್ಲಿ ನನ್ನ ಕೈಗೆ ಕಟ್ಟಿದ್ದ ಕೆಂಪು ದಾರವನ್ನು ಬಿಚ್ಚಿ ಅದಕ್ಕೆ ಸುತ್ತಿ, ಜಗಲಿಯ ಮೇಲೆ ಇಟ್ಟೆ. ಅದೇ ಗಾತ್ರ, ಅದೇ ಬಣ್ಣ. ಒಳ್ಳೆಯ ಕಳ್ಳಿಯಾಗುವ ಲಕ್ಷಣ ನನ್ನಲ್ಲಿ ಇದೆ ಎಂದುಕೊಂಡೆ.

ಗಂಗಕ್ಕ ಬಂದಳು. ನಾನು ಬಾಯಿ ತೆರೆಯುವ ಮೊದಲೇ, “ಇರ್ಲಿ ಬಿಡ ಶಾಂತಾ. ಮನೀಗೆ ಬಂದಾಕಿನ್ನ ಹಂಗ ಕಳಸಾಕ ಬರ್ತೈತೇನ?” ಎಂದಳು. ಜಗಲಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ನೋಡಲಿಲ್ಲ. ಕಾಯಿಯನ್ನು ಗಮನಿಸಲಿಲ್ಲವೆಂದು ನನಗೆ ಸಮಾಧಾನವಾಯಿತು.

ಇತ್ತ ಓಣಿಯಲ್ಲಿ ಇನ್ನೊಂದು ಗದ್ದಲ ಶುರುವಾಗಿತ್ತು. ಮೈನಾಬಾಯಿ ನಮ್ಮ ಮನೆಯಿಂದ ಹೊರಟ ಮೇಲೆ ಹತ್ತು ಹನ್ನೆರಡು ಮನೆಯವರು ಅವಳ ಉಡಿ ತುಂಬಿದ್ದರು. ಇದನ್ನು ತಿದ್ದಲೇಬೇಕೆಂದು ನಾನು ಹೊರಟೆ. ಮೊದಲು ಸುನಂದಕ್ಕನ ಮನೆಗೆ ಹೋದೆ.

“ಸುನಂದಕ್ಕಾ, ಉಡಿ ಬ್ಯಾರೆ, ಓಟು ಬ್ಯಾರೆ.”

“ನೀವ ಮೊದಲ ತುಂಬೀರಿ ಅಂತ ನಾವೂ ತುಂಬಿದ್ವಿರಿ,” ಎಂದಳು ಸುನಂದಕ್ಕ. “ನೀವು ಕ್ಯಾಲೆಂಡರ ನೋಡಿ ಮಾಡಾವರು. ಏನೋ ವಿಚಾರ ಮಾಡೇ ಮಾಡಿರ್ತಾರ ಅಂದ್ಕೊಂಡ್ವಿ.”

“ಹಂಗಲ್ಲ. ಮನೀಗೆ ಬಂದ್ಲಂತ ಕೊಟ್ಟೆ, ಅಷ್ಟ. ಓಟು ಗಂಗಕ್ಕಗ.”

“ಅಲ್ರಿ, ಮಗಳ ಮಾಡ್ಕೊಂಡ ಕಾಯಿ ಕೊಟ್ಟ, ಓಟು ಮಾತ್ರ ಇಲ್ಲವ್ವಾ ಅನ್ನೂದು ಹೆಂಗ? ಕಾಯಿ ಏನ ಸಂತಿ ಕುಂಬಳಕಾಯೇನ್ರಿ, ಕೊಟ್ಟ ಮರಿಯಾಕ?”

ಹೀಗೆಯೇ ಓಣಿಯ ಕೊನೆಯವರೆಗೆ ಹೋದೆ. ಕೊನೆಯ ಮನೆಗಳವರಿಗೆ ಉಡಿ ತುಂಬಿದ ಸುದ್ದಿಯೇ ಗೊತ್ತಿರಲಿಲ್ಲ. ನನ್ನಿಂದ ಗೊತ್ತಾಯಿತು. “ಅಯ್ಯ, ಹಂಗಾರ ನಾವ ಅಷ್ಟ ತುಂಬಲಿಲ್ಲೇನು?” ಎಂದು ಅವರು ಆಘಾಡಿಯವರಿಗೆ ಫೋನು ಮಾಡಿ, ಮೈನಾಬಾಯಿಯನ್ನು ಮತ್ತೊಮ್ಮೆ ಕರೆಸಿಕೊಂಡು ಉಡಿ ತುಂಬಿದರು. ನನ್ನ ಪ್ರಚಾರದಿಂದ ಎದುರಾಳಿ ನಮ್ಮ ಓಣಿಗೆ ಎರಡು ಸಲ ಬಂದು ಹೋದಳು.

ಇಷ್ಟಾದರೂ ಅತ್ತೆಯ ಓಟಿನ ಬಗ್ಗೆ ನನಗೆ ಸಂಶಯವಿರಲಿಲ್ಲ. ಅತ್ತೆಯ ಸಿಟ್ಟು ಮೂರು ವರ್ಷದ್ದು. ಆದರೆ ಓಟಿಗೆ ಎರಡು ದಿನ ಉಳಿದಿರುವಾಗ, ಏಳು ಗಂಟೆಗೆ, ಟೀವಿಯಲ್ಲಿ ಮೈನಾಬಾಯಿ ಕಾಳಿನ ಕೋಣೆಯ ಮುಂದೆ ಬಂದು ನಿಂತಳು. ಸೊಂಟದಿಂದ ಬೀಗದ ಕೈ ತೆಗೆದಳು. ಬಾಗಿಲು ತೆರೆದಳು. ಸೊಸೆಯನ್ನು ತಬ್ಬಿಕೊಂಡು ಅತ್ತಳು.

ನಮ್ಮ ಅತ್ತೆಯೂ ಅತ್ತರು. “ನನ್ನ ಮುಂದ ಕೊಟ್ಟ ಮಾತು. ಹೇಳಿದಂಗ ಬಿಟ್ಲು ನೋಡು.”

“ಅವ್ವಾ, ಅದನ್ನ ತಿಂಗಳ ಹಿಂದನ ಶೂಟಿಂಗ್ ಮಾಡಿರ್ತಾರ,” ಎಂದರು ನಮ್ಮ ಮನೆಯವರು. “ಬಿಡ್ತಾಳಂತ ಆಕಿಗೆ ಮೊದಲ ಗೊತ್ತಿತ್ತು.”

“ಸುಮ್ನಿರು. ಇಷ್ಟ ವರ್ಷ ಓಟು ಹಾಕೇನಿ. ಹೇಳಿದ್ದನ್ನ ವಾರದಾಗ ಮಾಡಿದವರನ್ನ ಇವತ್ತ ನೋಡಿದ್ದು.”

ಮರುದಿನದೊಳಗೆ ಓಣಿಯೆಲ್ಲ ಅದೇ ಮಾತು: ಆಕಿ ಮಾತಿಗೆ ತಪ್ಪೂ ಹೆಂಗಸಲ್ಲ.

ಓಟಿನ ದಿನ ಅತ್ತೆಯನ್ನು ಆಟೋದಲ್ಲಿ ಕೂಡಿಸಿಕೊಂಡು ಕನ್ನಡ ಶಾಲೆಗೆ ಹೋದೆ. ನನ್ನ ಓಟು ಮೊದಲು ಹಾಕಿದೆ. ಎಡಗೈ ಬೆರಳಿಗೆ ಶಾಯಿ ಹಚ್ಚಿದರು. ಬಕೀಟು ಒತ್ತಿದೆ. ಇಡೀ ಚುನಾವಣೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಅತ್ತೆಗೆ ಮತಯಂತ್ರದ ಗುಂಡಿ ಕಾಣುವುದಿಲ್ಲ. ಮೈನಾಬಾಯಿಯ ಸೊಂಟದ ಬೀಗದ ಕೈ ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಕಣ್ಣಿಲ್ಲದವರ ಜೊತೆ ಮನೆಯವರು ಒಬ್ಬರು ಹೋಗಿ ಒತ್ತಬಹುದು ಎಂದರು ಅಧಿಕಾರಿ. ಅವರು ಹೇಳಿದ್ದನ್ನೇ ಒತ್ತುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಒಂದು ಕಾಗದದಲ್ಲಿ ನಾನು ಸಹಿ ಮಾಡಬೇಕಾಯಿತು. ನನ್ನ ಬಲಗೈ ಬೆರಳಿಗೂ ಶಾಯಿ ಹಚ್ಚಿದರು. ಇಬ್ಬರೂ ಮರೆಗೆ ಹೋದೆವು.

“ಟೀವಿ ಒತ್ತು,” ಎಂದರು ಅತ್ತೆ.

“ಅತ್ತೀ, ಗಂಗಕ್ಕ...” ಎಂದು ಪಿಸುಗುಟ್ಟಿದೆ.

“ಗಂಗವ್ವ ಚಲೋ ಹುಡುಗಿ. ಟೀವಿ ಒತ್ತು.”

“ಅತ್ತೀ, ಸಂತಿಯೊಳಗ ಹೆಣ್ಣಮಕ್ಕಳು...”

“ಒತ್ತತಿಯೋ, ಸಾಹೇಬನ್ನ ಕರೀಲ್ಯೋ?”

ಬಕೀಟು ಎರಡು ಬೆರಳಿನಷ್ಟು ಮೇಲಿತ್ತು. ಅತ್ತೆಗೆ ಕಾಣುತ್ತಿರಲಿಲ್ಲ. ಅಧಿಕಾರಿ ಆಚೆ ಇದ್ದರು. ಗುಂಡಿ ಯಾವುದು ಒತ್ತಿದರೂ ಪೀಂ ಎನ್ನುವುದು ಒಂದೇ ಸದ್ದು. ನಾನು ಬೆರಳನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ಹಿಡಿದೆ. ಆಮೇಲೆ ಟೀವಿ ಒತ್ತಿದೆ. ಅತ್ತೆಯ ಓಟು ಅತ್ತೆಯದು.

ಯಾರಿಗೂ ಹೇಳುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ, ಆದ್ದರಿಂದ ಇದನ್ನು ನೀವು ಓದಿಲ್ಲವೆಂದೇ ತಿಳಿಯಿರಿ. ಅತ್ತೆಯಂತೂ ಮರೆಯಿಂದ ಹೊರಗೆ ಬಂದವರೇ ಸಾಲಿನಲ್ಲಿ ನಿಂತವರಿಗೆಲ್ಲ, “ನಮ್ಮ ಸೊಸಿ ಕಡಿಂದ ಟೀವಿ ಒತ್ತಿಸಿದೆ,” ಎಂದು ಸಾರಿದರು. ಸಾಲಿನಲ್ಲಿ ಗಂಗಕ್ಕನೂ ನಿಂತಿದ್ದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಎಡಗೈಯ ಓಟನ್ನು ಬಲಗೈ ತಿಂದುಹಾಕಿತ್ತು.

ಗಂಗಕ್ಕ ಸೋತಳು. ನಮ್ಮ ಓಣಿಯಲ್ಲಿ ಹೆಂಗಸರು ಎಷ್ಟು ಜನ ಇದ್ದೇವೆಯೋ ಹೆಚ್ಚುಕಡಿಮೆ ಅಷ್ಟೇ ಓಟಿನಿಂದ.

ಸಂಜೆ ಅವಳ ಮನೆಗೆ ಹೋದೆ. ಕೈಯಲ್ಲಿ ನನ್ನ ಕಳ್ಳ ಕಾಯಿ. ಗಂಗಕ್ಕ ಮಷೀನಿನ ಮುಂದೆ ಕುಳಿತಿದ್ದಳು, ಆದರೆ ತುಳಿಯುತ್ತಿರಲಿಲ್ಲ.

“ತಂದೇನಿ,” ಎಂದೆ. “ಒಡಿಯೂಣು ಅಂದಿದ್ದೆಲ್ಲಾ.”

ಅವಳು ಕಾಯಿ ಇಸಿದುಕೊಂಡು, ದಾರದ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

“ಇದು ಗುಡಿ ದಾರ,” ಎಂದಳು. “ನಾ ಸುತ್ತಿದ್ದು ಮಷೀನಿನ ದಾರ. ಇಷ್ಟ ವರ್ಷ ದಾರಾ ಹಿಡದಾಕಿಗೆ ಅಷ್ಟ ತಿಳ್ಯಾಂಗಿಲ್ಲೇನ ಶಾಂತಾ?”

ನಾನು ಕೇಳಿದೆ: “ಯಾವಾಗ ತಿಳೀತು?”

“ಫೋಟೋ ನೋಡಿದ ದಿನಾನ. ಆಕಿ ಉಡಿಯೊಳಗ ನನ್ನ ದಾರಾ ಕಂಡಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಅಳ್ಕೋತ ಕೂಡ್ತಿದ್ದಿ. ಪ್ರಚಾರ ಯಾರ ಮಾಡಾವರು?”

ನಾನು ಮಾಡಿದ ಪ್ರಚಾರ ನೆನಪಾಗಿ ಇಬ್ಬರಿಗೂ ನಗು ಬಂತು. ನನ್ನ ನಗು ನಡುವೆಯೇ ಕೆಟ್ಟಿತು. ಗಂಗಕ್ಕ ದಾರವನ್ನು ಬಿಚ್ಚುತ್ತಾ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು.

“ನಾನೂ ನಿಮ್ಮ ಓಣಿಗೆ ಮೂರ ಸಲ ಬಂದಿದ್ದೆ. ಎಲ್ಲಾರೂ ಚಾ ಕೊಟ್ರು.”

ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ಆದರೆ ನನಗೆ ಕೇಳಬೇಕಾದದ್ದು ಕೇಳಿಸಿತು. ಗಂಡ ತೀರಿದ ಮೇಲೆ ಹನ್ನೆರಡು ವರ್ಷದಲ್ಲಿ ಗಂಗಕ್ಕನ ಉಡಿಯನ್ನು ಯಾರೂ ತುಂಬಿಲ್ಲ. ವಿ‌ಧವೆಗೆ ತುಂಬುವ ಪದ್ಧತಿ ಇಲ್ಲ. ಪದ್ಧತಿಯನ್ನು ನಾನೇನು ಮಾಡಿದವಳಲ್ಲ. ಆದರೆ ಹನ್ನೆರಡು ವರ್ಷ ನಡೆಸಿಕೊಂಡು ಬಂದವಳು. ಯಾರ ಮನೆಗೆ ಯಾವತ್ತು ಏನು ಕೊಟ್ಟೆ ಎಂದು ಬರೆದಿಡುವ ನನ್ನ ಕ್ಯಾಲೆಂಡರಿನಲ್ಲಿ ಗಂಗಕ್ಕನ ಹೆಸರಿನ ಮುಂದೆ ಬರೀ ಚಹಾ. ತನ್ನ ಉಡಿಗೆ ಬಾರದ ಕಾಯಿಯನ್ನು ತಾನೇ ತಂದು, ತಾನೇ ದಾರ ಸುತ್ತಿ, ಕಾಯಲು ನನ್ನ ಹತ್ತಿರ ಇಟ್ಟಿದ್ದಳು.

“ಸೆರಗ ಒಡ್ಡ ಗಂಗಕ್ಕಾ,” ಎಂದೆ.

“ಈಗ ಬ್ಯಾಡ. ಸೋತ ಮ್ಯಾಲ ಉಡಿ ತುಂಬಿದ್ರ ಮಂದಿ ನಗ್ತಾರ.” ಹಿತ್ತಿಲ ಕಲ್ಲಿಗೆ ಕಾಯಿ ಒಡೆದು ಅರ್ಧ ನನ್ನ ಕೈಗೆ ಕೊಟ್ಟಳು. “ನಾಳೆ ಸಂತಿ. ನೀರ ಸೇದಾಕ ಬಾ.”

ಅಂದಿನಿಂದ ಪ್ರತಿ ಸಂತೆಗೂ ಹೋಗುತ್ತೇನೆ. ಪ್ರಚಾರಕ್ಕೆಂದು ತಂದಿದ್ದ ಬಕೀಟುಗಳು ಉಪಯೋಗಕ್ಕೆ ಬಂದಿವೆ. ಗಂಗಕ್ಕ ಸೇದುತ್ತಾಳೆ, ನಾನು ಹೊರುತ್ತೇನೆ. ಮೈನಾಬಾಯಿಯ ಬಗ್ಗೆ ಕೆಟ್ಟದ್ದು ಹೇಳಲಾರೆ. ಎರಡು ಮೀಟಿಂಗಿಗೆ ಬಂದಿದ್ದಳಂತೆ. ಉಳಿದಂತೆ ಶೂಟಿಂಗ್ ಇರುತ್ತದೆ. ಧಾರಾವಾಹಿಯಲ್ಲಿ ಸೊಸೆಯ ಜೊತೆ ಈಗ ಚೆನ್ನಾಗಿದ್ದಾಳೆ. ಚೆನ್ನಾದ ಮೇಲೆ ನಮ್ಮ ಅತ್ತೆ ನೋಡುವುದನ್ನು ಬಿಟ್ಟರು.

ಕಳೆದ ಸಂತೆಯ ದಿನ ನಾನು ತುಂಬಿದ ಬಕೀಟು ಹಿಡಿದು ಹಿತ್ತಿಲಿಗೆ ಬರುವಾಗ, ಸಾಲಿನಲ್ಲಿ ನಿಂತಿದ್ದ ಮೆಣಸಿನಕಾಯಿಯ ಮುದುಕಿ ನನ್ನ ಮುಖವನ್ನೇ ನೋಡಿದಳು. ಅದೇ ಮುದುಕಿ, ಒಮ್ಮೆ ರಾಶಿಯ ಮೇಲೆ ಬಿದ್ದವಳು.

“ತಾಯಿ, ನಿಮ್ಮನ್ನ ಎಲ್ಲೋ ನೋಡೇನ್ರಿ.”

“ಪ್ರತಿ ಸಂತಿಗೂ ಇಲ್ಲೇ ಇರ್ತೇನಲ್ಲಾ ಅಜ್ಜಿ.”

“ಇಲ್ರಿ, ಇಲ್ಲಲ್ಲ. ನಮ್ಮ ಮಮ್ಮಗಳ ಮೊಬೈಲಿನಾಗ.” ಅವಳ ಮುಖ ಅರಳಿತು. “ಆ ಮೈನಾಬಾಯಿಗೆ ಉಡಿ ತುಂಬಿದವರು ನೀವ ಅಲ್ಲೇನ್ರಿ?”

ಗಂಗಕ್ಕ ಬಾವಿಯ ಹಗ್ಗ ಹಿಡಿದವಳು ಹಾಗೆಯೇ ನಿಂತು ಕೇಳುತ್ತಿದ್ದಳು.

“ಹೌದ್ರಿ,” ಎಂದೆ.

“ಹಂಗಾರ ನಿಮ್ಮ ಮಾತ ಆಕಿ ಕೇಳ್ತಾಳ.” ಮುದುಕಿ ನನ್ನ ಕೈ ಹಿಡಿದುಕೊಂಡಳು. ಬಕೀಟಿನ ನೀರು ನನ್ನ ಕಾಲ ಮೇಲೆ ತುಳುಕಿತು. “ಆಕಿಗೆ ಹೇಳಿ ಒಂದ ಸಂಡಾಸ ಕಟ್ಟಸ್ರಿ ತಾಯಿ. ಪಾಪ, ಈ ಗಂಗವ್ವ ಎಷ್ಟ ದಿನಾ ಅಂತ ನೀರ ಸೇದಬೇಕು?”

“ಹೇಳ್ತಾಳ, ಹೇಳ್ತಾಳ,” ಎಂದಳು ಗಂಗಕ್ಕ ಬಾವಿಯ ಹತ್ತಿರದಿಂದ. “ಮೊದಲ ಆ ಬಕೀಟ ಒಳಗ ಇಟ್ಟ ಬಾ ಶಾಂತಾ. ಸಾಲ ಭಾಳ ಐತಿ.”

ಒಳಗೆ ಇಟ್ಟು ಬಂದೆ. ಮನೆಗೆ ಹೋಗಿ ಆ ದಿನದ ಚೌಕದಲ್ಲಿ ಬರೆದೆ: ‘ನೀರು, ನಲವತ್ತೊಂದು ಬಕೀಟು.’